ಸೋಮವಾರದ ಮೀನಿನ ನೀರು

ನೆಲಕ್ಕೆ ಹಾಸಿದ ಕಾರ್ಪೆಟ್ಟನ್ನು ಯಾವಾಗ ತೊಳೆಯಬೇಕು ಎನ್ನುವುದು ಇಡೀ ಕಾರವಾರದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ ಮಾತ್ರ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಜಂಬ ಅಂದರೆ ಅಷ್ಟಿಷ್ಟಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಅದರ ಪಾಠ ಹೇಳುತ್ತಿದ್ದೆ. ಅದೇ ಜಂಬದಲ್ಲಿ ಒಬ್ಬ ಹೆಂಗಸಿನ ಕೆಲಸ ತೆಗೆದೆ, ಹೆತ್ತ ತಾಯಿಯ ಮಾನವನ್ನೂ ತೆಗೆದೆ. ಕೆಲಸವನ್ನೇನೋ ತಿರುಗಿ ಕೊಟ್ಟೆ. ಇನ್ನೊಂದನ್ನು ತಿರುಗಿ ಕೊಡುವುದು ಹೇಗೆಂದು ಇನ್ನೂ ತಿಳಿದಿಲ್ಲ.

ಕಾರ್ಪೆಟ್ ಬಂದದ್ದು ಅರ್ಗಾದಿಂದ. ಅಲ್ಲಿಯ ನೌಕಾನೆಲೆಯ ಕ್ವಾರ್ಟರ್ಸಿನಲ್ಲಿ ಯಾರಿಗಾದರೂ ವರ್ಗವಾದರೆ ಮನೆ ಸಾಮಾನು ಮಾರಾಟಕ್ಕೆ ಬರುತ್ತದೆ. ಉತ್ತರದ ಕಡೆಯ ಅಧಿಕಾರಿಯೊಬ್ಬರ ಹೆಂಡತಿ ಮಾರಲಿಟ್ಟಿದ್ದ ಉಣ್ಣೆಯ ಕಾರ್ಪೆಟ್ ಅದು. ಕಡುಗೆಂಪು ಮೈ, ಅಂಚಿಗೆ ನೀಲಿ ಹೂವು. ಕುರ್ಚಿ ನೋಡಲು ಹೋದವಳು ಕುರ್ಚಿ ಬಿಟ್ಟು ಇದನ್ನು ಆಟೋದ ಹಿಂದೆ ಹೊರಿಸಿಕೊಂಡು ಬಂದೆ. ನಮ್ಮವರು ಬಾಗಿಲಲ್ಲೇ ನಿಂತು, "ಮಳೆಗಾಲದಲ್ಲಿ ಬೆಂಕಿಕಡ್ಡಿಯೇ ಹೊತ್ತುವುದಿಲ್ಲ, ಈ ಊರಿಗೆ ಉಣ್ಣೆ ಯಾಕೆ ಮಾರಾಯ್ತಿ?" ಎಂದರು.

ಉತ್ತರ ಇತ್ತು, ಆದರೆ ಅವರಿಗೆ ಹೇಳುವಂಥದ್ದಲ್ಲ. ನಾನು ಬೆಳೆದದ್ದು ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ. ಆಯಿ ಬೇರೆಯವರ ಗದ್ದೆಯಲ್ಲಿ ನಟ್ಟಿ ಮಾಡಿ, ಬೇರೆಯವರ ಅಂಗಳದಲ್ಲಿ ಭತ್ತ ಬಡಿದು ನನ್ನನ್ನು ಓದಿಸಿದಳು. ಟೀಚರ ಕೆಲಸ ಸಿಕ್ಕಿ, ಕಾರವಾರದಲ್ಲಿ ಮನೆಯಾಗಿ, ಆ ಮನೆಯ ನೆಲಕ್ಕೂ ಒಂದು ಹೊದಿಕೆ ಬಂತೆಂದರೆ ನನಗೆ ಒಳಗೊಳಗೇ ಎಷ್ಟು ಹಿಗ್ಗು! ಆಯಿ ಮೊದಲ ಸಲ ನೋಡಿದಾಗ ಕಾಲಿಡದೆ ಅಂಚಿನಲ್ಲೇ ನಿಂತಿದ್ದಳು.

"ನೆಲಕ್ಕೆ ಕಂಬ್ಳಿ ಹೊದ್ಸದು ಎಂತಕ್ಕೆ ಮಗಾ? ಅದ್ಕೂ ಚಳಿಯಾ?" ಎಂದು ಕೇಳಿ ತಾನೇ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಕಾರ್ಪೆಟ್ಟಿನ ವಿದ್ಯೆಯನ್ನು ನಾನು ಪೆಟ್ಟು ತಿಂದೇ ಕಲಿತೆ. ಮೊದಲ ಮಳೆಗಾಲಕ್ಕೆ ಅಡಿಯಲ್ಲಿ ಬಿಳಿ ಬೂಸ್ಟು ಹಿಡಿಯಿತು. ಆಮೇಲೆ ಎಚ್ಚರವಾದೆ. ಸಂಜೆ ನಾಲ್ಕರ ಬಿಸಿಲು ಪಡುವಣ ಕಿಟಕಿಯಿಂದ ಬೀಳುವಾಗ ಮೂಲೆಯೊಂದನ್ನು ಎತ್ತಿ ತಟ್ಟನೆ ಬಿಡಬೇಕು. ಬಿಸಿಲಿನಲ್ಲಿ ಧೂಳು ಎದ್ದು ಕೆಳಗಿಳಿಯಲು ಹೊತ್ತು ತೆಗೆದುಕೊಂಡರೆ ಬಡಿಯುವ ಕಾಲ ಬಂತು. ಬಾಗಿಲ ಬಳಿಯ ಹೂವಿನ ನೀಲಿ ಮಾಸಿ, ಸೋಫಾದ ಅಡಿಯ ಹೂವಿನ ನೀಲಿ ಹಾಗೇ ಇದ್ದರೆ ತೊಳೆಯುವ ಕಾಲ ಬಂತು. ಎಲ್ಲಕ್ಕಿಂತ ಮುಖ್ಯ ವಾಸನೆ. ಮನೆಯೊಳಗೇ ಇರುವವರಿಗೆ ಮನೆಯ ವಾಸನೆ ತಿಳಿಯುವುದಿಲ್ಲ. ಹೊರಗಿನಿಂದ ಬಂದು ಬೀಗ ತೆಗೆದ ಮೊದಲ ಉಸಿರಿಗೆ ಸಿಕ್ಕರೆ ಸಿಕ್ಕಿತು, ಎರಡನೆಯದಕ್ಕೆ ಮೂಗು ಒಗ್ಗಿಹೋಗುತ್ತದೆ. ಹಾಗಾಗಿ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಮೂಗೆಳೆಯುತ್ತಿದ್ದೆ. ನಮ್ಮವರು ನನ್ನನ್ನು ಕಸ್ಟಮ್ಸ್ ಇಲಾಖೆಗೆ ಸೇರಿಸಬೇಕಿತ್ತು ಎಂದು ಗೇಲಿ ಮಾಡುತ್ತಿದ್ದರು.

ಇನ್ನೊಂದು ಉಪಾಯ ಕಲಿಸಿದವಳು ಮೀನಿನಾಕೆ. ಅವಳು ನಮ್ಮ ಮನೆಯ ಹಿಂದಿನ ಕಡಲ ಬದಿಯವಳು. ಗಂಡ ದೋಣಿಗೆ ಹೋಗುತ್ತಿದ್ದ, ಇವಳು ಬೆಳಿಗ್ಗೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ, ಮಧ್ಯಾಹ್ನದ ಮೇಲೆ ಎರಡು ಮೂರು ಮನೆಯ ಕಸ ಮುಸುರೆ ಮಾಡುತ್ತಿದ್ದಳು. ನಮ್ಮ ಮನೆಯೂ ಅದರಲ್ಲೊಂದು. ಒಂದು ದಿನ ನಾನು ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿ ಒತ್ತಿ ನೋಡುವುದನ್ನು ಕಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಕ್ಕೋರೆ, ಕೈಗೆಂತಾ ತಿಳೀತದೆ? ಒಂದು ಹಿಡಿ ಕಲ್ಲುಪ್ಪು ಕಾಗ್ದದಾಗೆ ಕಟ್ಟಿ ಮೂಲೆ ಅಡಿಗಿಡಿ. ಬೆಳಗಾಗದ್ರೊಳಗೆ ಉಪ್ಪು ನೀರಾದ್ರೆ ನಿಮ್ಮ ಕಂಬ್ಳಿಗೆ ಬಿಸ್ಲು ಬೇಕು ಅಂತ ಲೆಕ್ಕ. ನಾವು ಒಣ ಮೀನಿಗೂ ಹಂಗೇ ನೋಡದು."

ಉಪ್ಪಿನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ಅದನ್ನು ನಾನೇ ಕಂಡುಹಿಡಿದಂತೆ ಹೇಳಿಕೊಂಡೆ.

ಎರಡು ವರ್ಷದ ಹಿಂದೆ ಆಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬೊಬ್ರುವಾಡದಲ್ಲಿ ತಮ್ಮ, ಅವನ ಹೆಂಡತಿ, ಮಕ್ಕಳೆಲ್ಲ ಇದ್ದರೂ, ಆಸ್ಪತ್ರೆ ಕಾರವಾರದ್ದಲ್ಲವೇ, ಮಳೆ ಪೂರ್ತಿ ನಿಲ್ಲುವವರೆಗೆ ನಮ್ಮಲ್ಲೇ ಇರಲಿ ಎಂದು ನಾನೇ ಹಟ ಹಿಡಿದೆ. ಆಯಿಗೆ ಮನಸ್ಸಿರಲಿಲ್ಲ. ಅಳಿಯನ ಮನೆಯಲ್ಲಿ ವಾರಕ್ಕಿಂತ ಹೆಚ್ಚು ಉಳಿಯುವುದೆಂದರೆ ಅವಳ ಕಾಲದವರಿಗೆ ಮೈಯೆಲ್ಲ ಸಂಕೋಚ. ನಮ್ಮವರು ಮನೆಯಲ್ಲಿದ್ದರೆ ಅವಳು ಸೆರಗು ಸರಿಮಾಡಿಕೊಳ್ಳುತ್ತಲೇ ಇರುತ್ತಿದ್ದಳು, ಅವರು ಕೂರುವ ಸೋಫಾದ ಮೇಲೆ ಅವರಿಲ್ಲದಾಗಲೂ ಕೂರುತ್ತಿರಲಿಲ್ಲ. ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ, ಬೆನ್ನಿಗೆ ಗೋಡೆ ಕೊಟ್ಟು ಮಧ್ಯಾಹ್ನದ ಧಾರಾವಾಹಿ ನೋಡುವಳು. "ಈಗ ಒಗ್ಗಿತು ನೋಡು ಕಂಬಳಿ" ಎಂದು ನಾನು ಛೇಡಿಸುತ್ತಿದ್ದೆ.

ಮೀನಿನಾಕೆ ಎರಡು ಗಂಟೆಗೆ ಬಂದು ಬೆಳಿಗ್ಗೆ ಕೊಟ್ಟ ಮೀನನ್ನು ಫ್ರಿಜ್ಜಿನಿಂದ ತೆಗೆದು, ಹೆಚ್ಚಿ ತೊಳೆದು, ಗುಡಿಸಿ ಒರೆಸಿ, ಆಯಿಯ ಜೊತೆ ಒಂದಿಷ್ಟು ಪಟ್ಟಾಂಗ ಹೊಡೆದು ಹೋಗುವಳು. ಮೀನು ತೊಳೆದ ನೀರನ್ನು ಚರಂಡಿಗೆ ಚೆಲ್ಲಕೂಡದು, ಅಂಗಳದ ತೆಂಗಿನ ಬುಡಕ್ಕೇ ಹೊಯ್ಯಬೇಕು ಎನ್ನುವುದು ನನ್ನ ಆಜ್ಞೆ. ಅಡುಗೆಮನೆ ಹಿಂದೆ, ತೆಂಗು ಮುಂದೆ. ನೀರು ಹಾಲ್ ದಾಟಿಯೇ ಹೋಗಬೇಕಿತ್ತು.

ಚೌತಿ ಕಳೆದ ಮೇಲೆ ಒಂದು ಬುಧವಾರ ಸಂಜೆ ಬಾಗಿಲು ತೆರೆದೆ. ಮೊದಲ ಉಸಿರಿಗೇ ಸಿಕ್ಕಿತು. ಕಾರ್ಪೆಟ್ಟಿನ ಗೋಡೆ ಕಡೆಯ ಅಂಚು ಅಂಗೈಯಷ್ಟು ಒದ್ದೆ, ಮೇಲೆ ಉಪ್ಪಿನ ಹರಳು, ಫ್ಯಾನು ಭರ್ರನೆ ತಿರುಗುತ್ತಿತ್ತು.

"ಆಯಿ, ಏನಿದು?"

"ನಂಗೆ ಗೊತ್ತಿಲ್ಲಾ ಮಗಾ" ಎಂದಳು, ಟಿವಿಯಿಂದ ಕಣ್ಣು ತೆಗೆಯದೆ.

ಮರುದಿನ ಬೆಳಿಗ್ಗೆ ಮೀನಿನಾಕೆ ಗೇಟಿನಲ್ಲಿ ಬುಟ್ಟಿ ಇಳಿಸುವ ಮೊದಲೇ ಕೇಳಿದೆ. ಅವಳು ನನ್ನ ಭುಜದ ಆಚೆ, ಜಗಲಿಯಲ್ಲಿ ಕೂತಿದ್ದ ಆಯಿಯನ್ನು ಒಮ್ಮೆ ನೋಡಿದಳು. ಆಮೇಲೆ ತಲೆ ಕೆರೆದುಕೊಂಡಳು.

"ನಾನೇ ಅಕ್ಕೋರೆ. ಮೀನು ತೊಳ್ದ ನೀರು ತೆಂಗಿಗೆ ಒಯ್ಯೂಕಾರೆ ಚೆಲ್ತು. ತಪ್ಪಾಯ್ತು."

ಬೈದೆ. ಅವಳು ಬಂಗಡೆ ಎಣಿಸುತ್ತ ಬೈಸಿಕೊಂಡಳು. ಮುಂದಿನ ವಾರ ಮತ್ತೆ ಅದೇ ಕತೆ, ಅದೇ ಅಂಚು, ಅದೇ ಉಪ್ಪು, ಅದೇ ಉತ್ತರ. ಈ ಸಲ ಇನ್ನೂ ಹೆಚ್ಚು ಬೈದೆ. ಹಾಲ್‌ನಲ್ಲಿ ನಡೆಯುವಾಗ ಕಣ್ಣು ಎಲ್ಲಿಟ್ಟಿರುತ್ತೀಯೆ, ಮೇಲಿಂದ ಉಪ್ಪು ಬೇರೆ ಸುರಿದು ಉಣ್ಣೆ ಹಾಳು ಮಾಡುತ್ತೀಯ ಎಂದೆಲ್ಲ ಕೂಗಿದೆ. ಉಪ್ಪು ನೀರನ್ನು ಎಳೆಯುತ್ತದೆ ಅಕ್ಕೋರೆ ಎಂದು ಅವಳು ಮೆಲ್ಲಗೆ ಹೇಳಿದ್ದು ನನ್ನ ಕೂಗಿನಲ್ಲಿ ಮುಳುಗಿತು. ಆಯಿ ಒಳಗಿನಿಂದ, "ಬಿಡೇ ಮಗಾ, ಪಾಪ" ಎಂದಳು. ಆಯಿಗೆ ಎಲ್ಲರೂ ಪಾಪವೇ ಎಂದುಕೊಂಡೆ.

ಮೂರನೆಯ ಸಲ ಆದದ್ದು ಒಂದು ಸೋಮವಾರ. ಸಂಜೆ ಬಾಗಿಲು ತೆರೆದವಳಿಗೆ ವಾಸನೆ ಮುಖಕ್ಕೇ ಹೊಡೆಯಿತು. ಈ ಸಲ ಅಂಗೈಯಷ್ಟಲ್ಲ, ಎರಡು ನೀಲಿ ಹೂವು ಪೂರ್ತಿ ತೊಯ್ದಿದ್ದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದನ್ನು ಆರದ ಹಾಗೆ ಕಾಯ್ದುಕೊಂಡು ಮಂಗಳವಾರ ಬೆಳಿಗ್ಗೆ ಗೇಟಿನಲ್ಲೇ ನಿಂತೆ.

"ಮತ್ತೆ ಮೀನಿನ ನೀರಾ?"

ಅವಳು ಈ ಸಲ ನನ್ನ ಮುಖವನ್ನೇ ನೋಡಿದಳು, ಏನನ್ನೋ ಕಾಯುತ್ತಿರುವವಳ ಹಾಗೆ. ನಾನು ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದೆ.

"ಹೌದ್ರಾ ಅಕ್ಕೋರೆ. ಮೀನಿನ ನೀರೇ" ಎಂದಳು.

ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. "ನಿಮಗೆ ಹುಟ್ಟಿದಾಗಿಂದ ಆ ನಾತದಲ್ಲೇ ಇದ್ದು ಮೂಗು ಸತ್ತಿದೆ, ನಮಗೆ ಸತ್ತಿಲ್ಲ. ನಾಳೆಯಿಂದ ಬರಬೇಡ" ಎಂದೆ. ಅವಳಿಂದ ಮೀನು ಕೊಂಡು, ಬೆರಳು ಚೀಪಿ ತಿಂದು, ಅದೇ ಬಾಯಿಂದ ಈ ಮಾತು. ಅವಳ ಮುಖ ಸಣ್ಣದಾಯಿತು. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಸಿಂಬೆ ಸರಿಮಾಡಿ ಬುಟ್ಟಿಯನ್ನು ತಲೆಗೇರಿಸಿಕೊಂಡು, "ಆಯಿಗೆ ಹೇಳಿ, ಬತ್ತೆ" ಎಂದು ಹೊರಟುಹೋದಳು. ತಿರುಗಿ ನೋಡಿದರೆ ಆಯಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಶಾಲೆಗೆ ಹೊತ್ತಾಗಿತ್ತು, ನಾನು ಹೊರಟೆ.

ಮರುದಿನ ರಜೆ ಹಾಕಿ, ಅಂಟುವಾಳದ ನೀರಿನಲ್ಲಿ ಕಾರ್ಪೆಟ್ ತೊಳೆದು, ಸೊಂಟ ಮುರಿದುಕೊಂಡು ಕಂಪೌಂಡಿನ ಮೇಲೆ ಹಾಕಿದೆ. ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಒಣಗಿದ ಉಣ್ಣೆಗೆ ಮೂಗಿಟ್ಟು ನೋಡಿದೆ, ಏನೂ ಇಲ್ಲ. ಗೆದ್ದೆ ಎನಿಸಿತು.

ಹತ್ತು ದಿನ ಕಳೆದು ಶನಿವಾರ. ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ತರಕಾರಿ ಕೊಂಡು ಒಂದೂವರೆಗೆ ಮನೆ ಸೇರುವುದು ರೂಢಿ. ಅವತ್ತು ಹನಿ ಬೀಳುತ್ತಿತ್ತೆಂದು ನೇರ ಬಂದೆ. ನಮ್ಮವರು ಮನೆಯಲ್ಲಿರಲಿಲ್ಲ. ಬಾಗಿಲು ದೂಡಿದರೆ ಆಯಿ ಕಾರ್ಪೆಟ್ಟಿನ ಅಂಚಿನಲ್ಲಿ ನಿಂತಿದ್ದಾಳೆ. ಕೈಯಲ್ಲಿ ಬೋಗುಣಿ. ಮಧ್ಯಾಹ್ನದ ಸಾರಿಗೆಂದು ನಾನು ಪೇಟೆಯಿಂದ ತಂದಿಟ್ಟಿದ್ದ ಬಂಗಡೆ ತೊಳೆದ ನೀರನ್ನು ಒಂದು ಹನಿಯೂ ಆಚೀಚೆ ಬೀಳದ ಹಾಗೆ ನೀಲಿ ಹೂವಿನ ಮೇಲೆ ಹೊಯ್ಯುತ್ತಿದ್ದಾಳೆ.

"ಆಯೀ! ತಲೆ ಗಿಲೆ ಕೆಟ್ಟಿದ್ಯಾ ನಿಂಗೆ?" ಎಂದು ಕಿರುಚಿದೆ.

ಬೋಗುಣಿ ಕೈಜಾರಿತು. ಆಗ ಕಂಡೆ, ಅವಳ ಸೀರೆಯ ಹಿಂಭಾಗ ಒದ್ದೆ. ಆ ಹೂವು ಮೀನಿನ ನೀರು ಬೀಳುವ ಮೊದಲೇ ತೊಯ್ದಿತ್ತು. ನೆಲದಲ್ಲಿ ಕೂತ ಆಯಿಗೆ, ನೋಯುವ ಮಂಡಿ ಕಟ್ಟಿಕೊಂಡು ಎದ್ದು, ಅಡುಗೆಮನೆ ದಾಟಿ ಹಿಂದಿನ ಬಚ್ಚಲು ಮುಟ್ಟುವಷ್ಟು ಹೊತ್ತು ತಡೆಯಲು ಆಗುತ್ತಿರಲಿಲ್ಲ. ಅಷ್ಟೇ ವಿಷಯ. ಅದನ್ನು ಮುಚ್ಚಲು ಅವಳು ಈ ಸಲ ನಾನು ನಂಬುವ ವಾಸನೆಯನ್ನೇ ಹುಡುಕಿ ತಂದು ಸುರಿಯುತ್ತಿದ್ದಳು.

ಈಗ ನೆನೆದರೆ, ಆಗ ನಾನು ಅವಳನ್ನು ತಬ್ಬಿಕೊಳ್ಳಬಹುದಿತ್ತು. ಸುಮ್ಮನಿದ್ದರೂ ಸಾಕಿತ್ತು. ಒಬ್ಬ ಹೆಂಗಸನ್ನು ಅನ್ಯಾಯವಾಗಿ ಓಡಿಸಿದೆನಲ್ಲ ಎಂಬ ಉರಿ ಒಳಗೆ ಎದ್ದಿತು ನೋಡಿ, ಅದನ್ನು ನನ್ನ ಮೇಲೆ ಹಾಕಿಕೊಳ್ಳುವ ಬದಲು ಆಯಿಯ ಮೇಲೆ ಹಾಕಿದೆ.

"ಒಂದು ಮಾತು ಹೇಳೂಕೆ ಏನಾಗಿತ್ತು ನಿಂಗೆ? ನನ್ನ ಒಂದನೇ ಕ್ಲಾಸಿನ ಮಕ್ಳೂ ಕಿರುಬೆರಳು ಎತ್ತಿ ತೋರಿಸ್ತವೆ. ಅಷ್ಟೂ ತಿಳೂದಿಲ್ವಾ?"

ಹೇಳುತ್ತ ಹೇಳುತ್ತ ಕಿರುಬೆರಳು ಎತ್ತಿ ತೋರಿಸಿಯೂಬಿಟ್ಟೆ, ಕ್ಲಾಸಿನಲ್ಲಿ ತೋರಿಸುವ ಹಾಗೆ.

ಆಯಿ ನನ್ನ ಬೆರಳನ್ನೇ ನೋಡಿದಳು. "ಹೌದು ಮಗಾ" ಎಂದಳು. ಆಮೇಲೆ ಸೀರೆ ಬದಲಿಸಿ ಬಂದು, ಬಾಗಿಲ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ, "ಅಳಿಯಂದಿರ ಮನೆ ಅಲ್ಲನೇ. ಅವ್ರಿಗೆ ಗೊತ್ತಾದ್ರೆ ನಾ ಹೆಂಗೆ ಮುಖ ತೋರ್ಸದು? ಅವ್ಳಿಗೆ ನಾನೇ ಕೈ ಮುಗ್ದು ಹೇಳಿದ್ದೆ, ಯಾರ ಹತ್ರಾನೂ ಹೇಳ್ಬೇಡಾ ಅಂತ" ಎಂದಳು.

ಕಾರ್ಪೆಟ್ ಸುತ್ತುತ್ತ ಕೂತಾಗ ಹೊಳೆಯಿತು. ಸೋಮವಾರ! ಮದುವೆಯಾಗಿ ಬಂದಂದಿನಿಂದ ಸೋಮವಾರ ನಮ್ಮ ಮನೆಯಲ್ಲಿ ಮೀನು ಮಾಡಿದ್ದಿಲ್ಲ. ನಮ್ಮವರ ಮನೆದೇವರ ವಾರ. ಸೋಮವಾರ ಮೀನಿನ ಚಟ್ಟಿಯನ್ನೂ ಮುಟ್ಟುವುದಿಲ್ಲ, ಅವಳು ಗೇಟಿನಲ್ಲಿ ಬುಟ್ಟಿಯನ್ನೂ ಇಳಿಸುವುದಿಲ್ಲ. ಮೀನೇ ಇಲ್ಲದ ದಿನ ಮೀನು ತೊಳೆದ ನೀರು ಎಲ್ಲಿಂದ ಬಂತು? ಇದನ್ನು ಕೇಳಲು ಕಸ್ಟಮ್ಸಿನವರು ಬೇಡ, ನನ್ನ ಒಂದನೇ ಕ್ಲಾಸಿನ ಮಕ್ಕಳೇ ಸಾಕಿತ್ತು. ವಾಸನೆ ಬಂತು, ಯಾವುದರದೆಂದು ಮೂಗು ಕೇಳಲಿಲ್ಲ, ಮೀನಿನವಳು ಇದ್ದಾಳೆ, ಮುಗಿಯಿತು. ಅಷ್ಟು ಸಲೀಸಾಗಿ ನಂಬಿದ್ದೆ. ಅಂದು ಅವಳು ನನ್ನ ಮುಖ ನೋಡಿ ಕಾದದ್ದು ಯಾಕೆಂದು ಆಗ ಅರ್ಥವಾಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಮರಳಿನ ಅಂಗಳದಲ್ಲಿ ಹಳೆಯ ಬಲೆ ಹಾಸಿ ತಾರಲೆ ಮೀನು ಒಣಹಾಕುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದು, ಒಳಗಿನಿಂದ ಸ್ಟೂಲು ತಂದಿಟ್ಟಳು. ನಾನು ಕೂರುವ ಮೊದಲು ಸೆರಗಿನಿಂದ ಅದನ್ನು ಎರಡು ಸಲ ಒರೆಸಿದಳು. ನನಗೆ ನಾತ ಬರಬಾರದೆಂದು ಒರೆಸಿದಳೋ ಏನೋ, ಆ ಒರೆಸುವಿಕೆ ನೋಡಿ ನಾಚಿಕೆಯಿಂದ ಸಾಯುವ ಹಾಗಾಯಿತು.

"ನನ್ನಿಂದ ತಪ್ಪಾಯ್ತು. ನನಗೆ ಎಲ್ಲ ಗೊತ್ತಾಯ್ತು" ಎಂದೆ. "ಯಾಕೆ ಸುಳ್ಳು ಹೇಳಿದೆ ಮಾರಾಯ್ತಿ? ಕೆಲಸ ಹೋಗುವಾಗಲಾದರೂ ಬಾಯಿ ಬಿಡಬಾರದಿತ್ತಾ?"

"ಬಿಟ್ರೆ ಆಯಿ ಮಾನ ಹೋತಿತ್ತು. ನಂಗೆ ಬೈಸ್ಕಣೂಕೆ ರೂಢಿ ಅದೆ, ಅವ್ರಿಗಿಲ್ಲ." ಅವಳು ಮತ್ತೆ ಕುಕ್ಕರುಗಾಲಲ್ಲಿ ಕೂತು ತಾರಲೆಗಳನ್ನು ಮಗುಚತೊಡಗಿದಳು. "ನಮ್ಮ ಅತ್ತೆಗೂ ಹಂಗೇ ಆಗ್ತಿತ್ತು, ನಾ ಕಂಡವ್ಳು. ಸೋಮಾರ ಅಂತೂ ನಿಮ್ಗೆ ತಿಳೀತದೆ ಅಂದ್ಕಂಡಿದ್ದೆ ಅಕ್ಕೋರೆ. ತಿಳ್ಕಂಡು ಸುಮ್ನಿರ್ತ್ರಿ ಅಂತ. ನೀವು ಕಲ್ತವ್ರಲ್ರಾ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾಳೆಯಿಂದ ಬಾ, ದಯವಿಟ್ಟು ಬಾ ಎಂದು ಕೇಳಿಕೊಂಡೆ. ಕಾರ್ಪೆಟ್ ಅಟ್ಟಕ್ಕೆ ಹೋಗಿದೆ, ಆಯಿಗೆ ಎತ್ತರದ ಕುರ್ಚಿ ತರುತ್ತೇನೆ, ಡಾಕ್ಟರಿಗೂ ತೋರಿಸುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಎಲ್ಲ ಕೇಳಿ, ತಾರಲೆ ಮಗುಚುವುದನ್ನು ನಿಲ್ಲಿಸಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಆಯಿಗೆ ಏನೂ ಅನ್ಲಿಲ್ಲ ಅಲ್ರಾ ನೀವು?"

"ಇಲ್ಲ" ಎಂದೆ.

ನನಗೇ ಗೊತ್ತಾಗದಷ್ಟು ಬೇಗ ಬಂತು ಆ ಸುಳ್ಳು. ಅವಳ ಮುಖ ಅರಳಿತು. "ಹಂಗಾರೆ ಸಾಕು ಬಿಡಿ. ನನ್ನ ಬೈದದ್ದೆಲ್ಲ ಹೋಗ್ಲಿ ಅತ್ಲಾಗೆ. ಸಂಜೆ ಆಯಿ ಕಂಡ್ಕಂಡು ಹೋಗೂಕೆ ಬತ್ತೆ" ಎಂದಳು. ಅವಳು ಬೈಸಿಕೊಂಡದ್ದು, ಕೆಲಸ ಕಳೆದುಕೊಂಡದ್ದು ಎಲ್ಲವೂ ಆಯಿಗೆ ಆ ಒಂದು ಮಾತು ಬೀಳದಿರಲಿ ಎಂದೇ. ಆ ಮಾತನ್ನು ನಾನು ಆಡಿ ಮುಗಿಸಿದ್ದೆ.

ಸಂಜೆ ಬಂದಳು. ನಮ್ಮವರು ಅವಳಿಗೆ ಕೊಂಕಣಿಯಲ್ಲಿ ಬಾ, ಕೂರು ಎಂದು ಉಪಚಾರ ಹೇಳಿ ಪೇಪರು ಹಿಡಿದರು, ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬರಿ ನೆಲದ ಮೇಲೆ ಚಾಪೆ ಹಾಸಿ ಆಯಿ, ಅವಳು ಎದುರುಬದುರು ಕೂತರು. ಆಯಿ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಡಲೇ ಇಲ್ಲ. ಗಂಡನ ದೋಣಿ, ಮಗಳ ಬಾಣಂತನ, ಬಂಗಡೆ ಈ ಸಲ ಯಾಕೆ ಸಣ್ಣದು, ಎಲ್ಲ ಮಾತಾಯಿತು. ಹಿಂದಿನ ದಿನದಿಂದ ಸರಿಯಾಗಿ ನೀರೂ ಕುಡಿಯದಿದ್ದ ಆಯಿ ಅವಳ ಒತ್ತಾಯಕ್ಕೆ ಒಂದು ಲೋಟ ಚಹಾ ಪೂರ್ತಿ ಕುಡಿದಳು. ನನಗೂ ಎದೆ ಹಗುರಾಯಿತು. ಆದದ್ದು ಆಯಿತು, ಇನ್ನು ಸರಿಹೋಗುತ್ತದೆ ಎಂದುಕೊಂಡು ನಾನು ಬಾಗಿಲಿಗೊರಗಿ ಅವರ ಮಾತು ಕೇಳುತ್ತ ನಿಂತಿದ್ದೆ.

ಮಾತಿನ ನಡುವೆ ಆಯಿ ತಟ್ಟನೆ ಗೋಡೆ ಹಿಡಿದು ಎದ್ದಳು. ಎದ್ದವಳು ಬಚ್ಚಲ ಕಡೆ ಹೋಗಲಿಲ್ಲ. ನಮ್ಮವರು ಪೇಪರಿನಲ್ಲಿ ಮುಳುಗಿದ್ದಾರೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿ, ಸೆರಗಿನ ಮರೆಯಿಂದ ಕಿರುಬೆರಳು ಎತ್ತಿ ತೋರಿಸಿ ನಿಂತಳು.

ಮೀನಿನಾಕೆ ಆಯಿಯ ಬೆರಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನದು ಇಪ್ಪತ್ತು ವರ್ಷದ ಟೀಚರ ಅಭ್ಯಾಸ, ತಲೆ ತಾನಾಗಿಯೇ ಆಡಿತು, ಹೋಗಿ ಬಾ ಎನ್ನುವ ಹಾಗೆ. ಆಯಿ ಹೋದಳು.